ಜರ್ಮನಿಯಲ್ಲಿ ಮಾಸ್ಟರ್ಸ್: ಕರ್ನಾಟಕದ ವಿದ್ಯಾರ್ಥಿಗಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಇ., ಬಿ.ಎಸ್ಸಿ., ಬಿ.ಸಿ.ಎ., ಬಿ.ಕಾಂ. ಮುಗಿಸಿ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಲು ಹೊರಟವರು, ಅವರನ್ನು ಕಳಿಸುವ ತಂದೆತಾಯಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಒಳ್ಳೆಯ ಅಂಕವಿದ್ದೂ ಒಂದು ವರ್ಷ ಕಳೆದುಕೊಳ್ಳುವವರು ಸಾಮಾನ್ಯವಾಗಿ ಕಾಗದಪತ್ರಗಳ ಸರದಿ ತಪ್ಪಿಸಿಕೊಂಡವರು. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ. ಶುಲ್ಕ, ಮೊತ್ತಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ದಿನ ಆಯಾ ಸಂಸ್ಥೆಯ ಅಧಿಕೃತ ತಾಣವನ್ನು ಒಮ್ಮೆ ನೋಡಿಯೇ ಕಟ್ಟಿ.

## ಮೊದಲ ಮಾತು

ಜರ್ಮನಿಯಲ್ಲಿ ಫೀಸೇ ಇಲ್ಲ ಅಂತಾರಲ್ಲ, ನಿಜವಾ?

ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ಪ್ರತಿ ಸೆಮಿಸ್ಟರಿಗೆ 100ರಿಂದ 350 ಯೂರೊವರೆಗೆ ಸೆಮಿಸ್ಟರ್ ವಂತಿಗೆ ಇರುತ್ತದೆ. ಹಲವು ಕಡೆ ಬಸ್ಸು, ರೈಲಿನ ಪಾಸು ಇದರಲ್ಲೇ ಸೇರಿರುತ್ತದೆ.

ಎರಡು ಮುಖ್ಯ ಅಪವಾದಗಳಿವೆ. ಸ್ಟುಟ್‌ಗಾರ್ಟ್, ಹೈಡಲ್‌ಬರ್ಗ್, ಕಾರ್ಲ್ಸ್‌ರೂಹೆ, ಟ್ಯೂಬಿಂಗನ್ ಇರುವ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ತೆಗೆದುಕೊಳ್ಳುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವವರಿಗೆ ಶುಲ್ಕ ಇಟ್ಟಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ. ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕವೇ ಬೇರೆ. ಅಲ್ಲಿ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟುವುದೂ ಉಂಟು.

ಹಾಗಾದರೆ ಒಟ್ಟು ಎಷ್ಟು ದುಡ್ಡು ಹೊಂದಿಸಿಕೊಳ್ಳಬೇಕು?

ಶುಲ್ಕವಿಲ್ಲದ ವಿಶ್ವವಿದ್ಯಾಲಯವೆಂದೇ ಇಟ್ಟುಕೊಳ್ಳಿ. ಮೊದಲ ವರ್ಷದ ಜೀವನ ವೆಚ್ಚಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಖಾತೆಯಲ್ಲಿ, 11,904 ಯೂರೊ ತೋರಿಸಬೇಕು. ಯೂರೊಗೆ 100 ರೂಪಾಯಿಯಂತೆ ಹಿಡಿದರೆ ಸುಮಾರು 12 ಲಕ್ಷ. ಇದರ ಮೇಲೆ ಅಂಕಪಟ್ಟಿಗಳು ಅಸಲಿ ಎನ್ನುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ, ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್, ಅರ್ಜಿ ಶುಲ್ಕ, ವೀಸಾ, ವಿಮಾನದ ಟಿಕೆಟ್, ಬೆಚ್ಚನೆ ಬಟ್ಟೆ. ಇವೆಲ್ಲ ಸೇರಿ ಎರಡು ಲಕ್ಷದ ಆಸುಪಾಸು ಆಗುತ್ತದೆ.

ಅನೇಕರು ಮರೆಯುವುದು ಮನೆಯ ಮುಂಗಡವನ್ನು. ಅಲ್ಲಿಗೆ ಹೋದ ಕೂಡಲೇ ಎರಡು ಮೂರು ತಿಂಗಳ ಬಾಡಿಗೆಯಷ್ಟು ಕೈಯಲ್ಲಿರಬೇಕು, ಬ್ಲಾಕ್ಡ್ ಅಕೌಂಟಿನಿಂದ ಒಂದೇ ಸಲಕ್ಕೆ ಅಷ್ಟು ಬರುವುದಿಲ್ಲ. ಪ್ರತ್ಯೇಕವಾಗಿ 1,500ರಿಂದ 2,000 ಯೂರೊ ಇಟ್ಟುಕೊಂಡೇ ಹೊರಡಿ. ಎರಡನೇ ವರ್ಷದ ಖರ್ಚು ಅಲ್ಲಿನ ಪಾರ್ಟ್ ಟೈಮ್ ಕೆಲಸದಿಂದ ಪೂರ್ತಿ ಬರುತ್ತದೆಂದು ನಂಬಿ ಹೊರಡುವುದನ್ನು ನಾವು ಒಪ್ಪುವುದಿಲ್ಲ. ಅರ್ಧದಷ್ಟಾದರೂ ಮನೆಯಿಂದಲೋ ಸಾಲದಿಂದಲೋ ಬರುವಂತಿರಲಿ.

ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಈಗಲೇ ಬ್ಯಾಚುಲರ್ಸ್‌ಗೆ ಕಳಿಸಬಹುದಾ?

ಪಿಯುಸಿ ಮಾತ್ರದಿಂದ ನೇರ ಪ್ರವೇಶ ಸಿಗುವುದಿಲ್ಲ. ಇಲ್ಲಿನ ಮಾನ್ಯ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದಲ್ಲಿ ಒಂದು ವರ್ಷ ಪೂರ್ತಿ ಪಾಸಾಗಿದ್ದರೆ ಆ ವಿಷಯಕ್ಕೆ ಅರ್ಜಿ ಹಾಕಬಹುದು. ಜೆಇಇ ಅಡ್ವಾನ್ಸ್ಡ್ ಪಾಸಾದವರಿಗೆ ತಾಂತ್ರಿಕ ವಿಷಯಗಳಲ್ಲಿ ದಾರಿಯಿದೆ. ಜೊತೆಗೆ ಸರ್ಕಾರಿ ಬ್ಯಾಚುಲರ್ಸ್ ಕೋರ್ಸುಗಳಲ್ಲಿ ಹೆಚ್ಚಿನವು ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ. ಪದವಿ ಇಲ್ಲೇ ಮುಗಿಸಿ ಮಾಸ್ಟರ್ಸ್‌ಗೆ ಹೋಗುವುದು ಹೆಚ್ಚಿನ ಮನೆಗಳಿಗೆ ಹಗುರ.

ಮೂರು ವರ್ಷದ ಬಿ.ಎಸ್ಸಿ., ಬಿ.ಸಿ.ಎ. ನಡೆಯುತ್ತಾ?

ಹಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ಜರ್ಮನಿಯಲ್ಲಿ ಒಂದು ಸೆಮಿಸ್ಟರಿಗೆ 30 ಇಸಿಟಿಎಸ್ (ಓದಿನ ಹೊರೆಯನ್ನು ಅಳೆಯುವ ಯುರೋಪಿನ ಪದ್ಧತಿ) ಕ್ರೆಡಿಟ್. ಮೂರು ವರ್ಷದ ಪದವಿ 180 ಆಯಿತು, ಮೂರೂವರೆ ವರ್ಷದ್ದು 210. ಕೋರ್ಸಿನ ಪುಟದಲ್ಲಿ 210 ಕೇಳಿದ್ದರೆ ಮೂರು ವರ್ಷದ ಪದವೀಧರರು ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ನಿಮ್ಮ ವಿಶ್ವವಿದ್ಯಾಲಯಕ್ಕೆ ಜರ್ಮನಿಯ ‘ಅನಾಬಿನ್’ ದತ್ತಾಂಶದಲ್ಲಿ ‘ಎಚ್ ಪ್ಲಸ್’ ಗುರುತು ಇದೆಯೇ ಎಂದು ಮೊದಲು ನೋಡಿ. ಅಲ್ಲಿ ಹುಡುಕಬೇಕಾದದ್ದು ಕಾಲೇಜಿನ ಹೆಸರನ್ನಲ್ಲ, ಪದವಿ ಕೊಡುವ ವಿಶ್ವವಿದ್ಯಾಲಯದ ಹೆಸರನ್ನು.

ಕೋರ್ಸ್ ಇಂಗ್ಲಿಷ್‌ನಲ್ಲೇ ಇದೆ. ಜರ್ಮನ್ ಯಾಕೆ ಕಲೀಬೇಕು?

ಪ್ರವೇಶಕ್ಕೆ ಬೇಡ, ಬದುಕಿಗೆ ಬೇಕು. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ವಿಮೆಯ ಪತ್ರ, ನಗರಾಡಳಿತದ ನೋಟೀಸು ಎಲ್ಲವೂ ಜರ್ಮನ್‌ನಲ್ಲಿ ಬರುತ್ತವೆ. ಸಣ್ಣ ಊರುಗಳಲ್ಲಿ ಅಂಗಡಿ ಕೆಲಸಕ್ಕೂ ಎ2 ಮಟ್ಟ ಕೇಳುತ್ತಾರೆ (ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಹೀಗೆ ಏರುತ್ತವೆ). ಓದು ಮುಗಿದ ಮೇಲೆ ಒಳ್ಳೆಯ ಕೆಲಸಕ್ಕೆ ಬಿ1, ಬಿ2. ಸಾಫ್ಟ್‌ವೇರ್ ಬಿಟ್ಟರೆ ಮೆಕ್ಯಾನಿಕಲ್, ಸಿವಿಲ್, ಆಹಾರ ತಂತ್ರಜ್ಞಾನ, ಜೀವವಿಜ್ಞಾನ ಓದಿದವರಿಗೆ ಭಾಷೆಯಿಲ್ಲದೆ ಬಾಗಿಲು ತೆರೆಯುವುದು ಬಹಳ ಕಷ್ಟ.

ಇಲ್ಲಿಂದ ಹೊರಡುವ ಮೊದಲೇ ಎ1, ಸಾಧ್ಯವಾದರೆ ಎ2 ಮುಗಿಸಿ. ಬೆಂಗಳೂರಿನ ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ತರಗತಿಗಳನ್ನು ನಡೆಸುತ್ತದೆ, ಪರೀಕ್ಷೆಯೂ ಅಲ್ಲೇ. ಸೀಟುಗಳು ಬೇಗ ತುಂಬುತ್ತವೆ. ಹೋದ ಮೇಲೆ ಕಲಿಯುತ್ತೇನೆ ಎಂದವರಿಗೆ ಮೊದಲ ಸೆಮಿಸ್ಟರಿನ ಹೊರೆಯಲ್ಲಿ ಬಿಡುವೇ ಸಿಗುವುದಿಲ್ಲ.

ಕನ್ಸಲ್ಟೆನ್ಸಿಗೆ ದುಡ್ಡು ಕೊಟ್ಟರೆ ಎಲ್ಲ ಅವರೇ ಮಾಡ್ತಾರಂತೆ. ಕೊಡಬೇಕಾ?

ಸರ್ಕಾರಿ ವಿಶ್ವವಿದ್ಯಾಲಯದ ಅರ್ಜಿಗೆ ಮಧ್ಯವರ್ತಿ ಬೇಕೇ ಇಲ್ಲ. ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ತಾಣದಲ್ಲಿ ಇಂಗ್ಲಿಷ್ ಕೋರ್ಸುಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಅರ್ಜಿಯನ್ನು ನೀವೇ ತುಂಬಬಹುದು.

ಕನ್ಸಲ್ಟೆನ್ಸಿಗೆ ಹೋಗುವುದೇ ಆದರೆ ಒಂದು ಮಾತು ಕೇಳಿ: ನೀವು ಸೂಚಿಸುವ ಕಾಲೇಜಿನಿಂದ ನಿಮಗೆ ಕಮಿಷನ್ ಇದೆಯಾ? ‘ಉಚಿತ ಸೇವೆ’ ಎನ್ನುವ ಕಡೆ ಖಾಸಗಿ ವಿಶ್ವವಿದ್ಯಾಲಯಗಳತ್ತ ತಳ್ಳುವುದು ಹೆಚ್ಚು. ಲಾಗಿನ್ ಪಾಸ್‌ವರ್ಡ್, ಇಮೇಲ್ ಸದಾ ನಿಮ್ಮ ಕೈಯಲ್ಲೇ ಇರಲಿ. ಬೇರೆಯವರು ಬರೆದ ನಕಲು ಉದ್ದೇಶಪತ್ರ, ತಿದ್ದಿದ ಅನುಭವಪತ್ರ ಸಿಕ್ಕಿಬಿದ್ದರೆ ಅನುಭವಿಸುವವರು ವಿದ್ಯಾರ್ಥಿ, ಏಜೆಂಟನಲ್ಲ.

## ಅರ್ಜಿ ಮತ್ತು ಕಾಗದಪತ್ರ

ಅಕ್ಟೋಬರ್‌ಗೆ ಹೋಗಬೇಕು. ಯಾವಾಗಿಂದ ಶುರು ಮಾಡಬೇಕು?

ಹಿಂದಿನ ವರ್ಷದ ಜುಲೈಯಿಂದ. ಚಳಿಗಾಲದ ಸೆಮಿಸ್ಟರ್ ವಿಶ್ವವಿದ್ಯಾಲಯಗಳಲ್ಲಿ ಅಕ್ಟೋಬರ್ 1ಕ್ಕೆ, ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ 1ಕ್ಕೆ ಆರಂಭ. ಜುಲೈ–ಆಗಸ್ಟ್‌ನಲ್ಲಿ ಪಾಸ್‌ಪೋರ್ಟ್ ಸರಿಪಡಿಸಿಕೊಂಡು ಜರ್ಮನ್ ತರಗತಿಗೆ ಸೇರಿ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಐಇಎಲ್‌ಟಿಎಸ್, ಹೆಚ್ಚಿನ ಕಡೆ 6.5 ಕೇಳುತ್ತಾರೆ, ಫಲಿತಾಂಶ ಎರಡು ವರ್ಷ ನಡೆಯುತ್ತದೆ. ನವೆಂಬರ್ ಒಳಗೆ ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯ ಕೊಡುವ ಒಟ್ಟು ಅಂಕಗಳ ಪಟ್ಟಿ) ಮತ್ತು ಎಪಿಎಸ್ ಅರ್ಜಿ. ಡಿಸೆಂಬರಿನಿಂದ ಮೇವರೆಗೆ ವಿಶ್ವವಿದ್ಯಾಲಯಗಳ ಅರ್ಜಿ.

ಕೊನೆಯ ದಿನ ಜುಲೈ 15 ಎಂದು ಎಲ್ಲೆಲ್ಲೂ ಓದಿರುತ್ತೀರಿ. ಅದನ್ನು ನೆಚ್ಚಬೇಡಿ. ವಿದೇಶಿ ವಿದ್ಯಾರ್ಥಿಗಳಿಗೆ ಮಾರ್ಚ್‌ನಲ್ಲೋ ಮೇ ಕೊನೆಯಲ್ಲೋ ಮುಚ್ಚುವ ಕೋರ್ಸುಗಳು ಬಹಳ, ಜನವರಿಯಲ್ಲೇ ಮುಚ್ಚುವವೂ ಇವೆ. ಜುಲೈವರೆಗೆ ಕಾದು ಪ್ರವೇಶಪತ್ರ ಸಿಕ್ಕರೂ ವೀಸಾಕ್ಕೆ ಸಮಯ ಉಳಿಯುವುದಿಲ್ಲ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲ, ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಶಿಯಲ್. ತೊಂದರೆ ಆಗುತ್ತಾ?

ನಮ್ಮ ಕಡೆಯವರಿಗೆ ಅತಿ ಹೆಚ್ಚು ಕಾಟ ಕೊಡುವುದು ಇದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಆರ್.’, ಪಾಸ್‌ಪೋರ್ಟ್‌ನಲ್ಲಿ ‘ಮಂಜುನಾಥ ಹೊಸಹಳ್ಳಿ ರಾಮಣ್ಣ’, ಆಧಾರ್‌ನಲ್ಲಿ ಬರೀ ‘ಮಂಜುನಾಥ’. ಜರ್ಮನಿಯ ಪ್ರತಿ ಅರ್ಜಿ ನಮೂನೆಯಲ್ಲೂ ಕುಟುಂಬದ ಹೆಸರು ಎಂಬ ಖಾನೆ ಕಡ್ಡಾಯ. ಪಾಸ್‌ಪೋರ್ಟ್‌ನಲ್ಲಿ ಅದು ಖಾಲಿಯಿದ್ದರೆ ಒಂದು ಕಚೇರಿ ಹೆಸರನ್ನು ಎರಡು ಸಲ ಬರೆಯುತ್ತದೆ, ಇನ್ನೊಂದು ಗೀಟು ಹಾಕುತ್ತದೆ, ಟಿಕೆಟ್ಟಿನಲ್ಲಿ ಮತ್ತೊಂದು ಬಗೆ. ಮೂರೂ ಬೇರೆಯಾದಾಗ ಬ್ಯಾಂಕು ಮತ್ತು ವಿಮೆಯ ಕಂಪ್ಯೂಟರು ಇವರೆಲ್ಲ ಒಬ್ಬರೇ ಎಂದು ಒಪ್ಪುವುದಿಲ್ಲ.

ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ಇನಿಶಿಯಲ್ ಬಿಡಿಸಿ, ಕೊಟ್ಟ ಹೆಸರು ಒಂದು ಖಾನೆಯಲ್ಲಿ, ತಂದೆಯ ಅಥವಾ ಊರಿನ ಹೆಸರು ಸರ್‌ನೇಮ್ ಖಾನೆಯಲ್ಲಿ ಬರುವಂತೆ ಮಾಡಿಸಿ. ಆಗಲೇ ಮಾಡಿಸಿದ್ದರೆ ಬೇರೆ ಯಾವ ಅರ್ಜಿಗೂ ಕೈಹಾಕುವ ಮೊದಲು ಮರುವಿತರಣೆಗೆ ಕೊಡಿ. ಐಇಎಲ್‌ಟಿಎಸ್, ಎಪಿಎಸ್, ಬ್ಲಾಕ್ಡ್ ಅಕೌಂಟ್, ಟಿಕೆಟ್ ನಾಲ್ಕೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಇರಬೇಕು. ಅಂಕಪಟ್ಟಿಯ ವ್ಯತ್ಯಾಸಕ್ಕೆ ‘ಇಬ್ಬರೂ ಒಬ್ಬರೇ’ ಎಂಬ ನೋಟರಿ ಅಫಿಡವಿಟ್ ಇಂಗ್ಲಿಷ್‌ನಲ್ಲಿ ಮಾಡಿಸಿ ಜೊತೆಗಿಟ್ಟುಕೊಳ್ಳಿ.

ಎಪಿಎಸ್ ಅಂದರೇನು? ಅದಿಲ್ಲದೆ ಆಗಲ್ವಾ?

ಆಗುವುದಿಲ್ಲ. ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ದೆಹಲಿಯ ಕಚೇರಿ ಅದು. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳ ವೀಸಾಕ್ಕೆ ಇದು ಕಡ್ಡಾಯ. ಬಹಳಷ್ಟು ವಿಶ್ವವಿದ್ಯಾಲಯಗಳು ಅರ್ಜಿಯ ಹೊತ್ತಿಗೇ ಕೇಳುತ್ತವೆ. ಒಮ್ಮೆ ಸಿಕ್ಕರೆ ಅವಧಿ ಮುಗಿಯುವ ಮಾತಿಲ್ಲ, ಬೇಕಾದಷ್ಟು ಅರ್ಜಿಗಳಿಗೆ ಬಳಸಬಹುದು.

ತಡವಾಗುವುದು ಎಲ್ಲಿ ಎಂದರೆ ನಿಮ್ಮ ಕೈಯಲ್ಲಿ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಇರುವುದಿಲ್ಲ. ಮರುಪರೀಕ್ಷೆ ಬರೆದಿದ್ದರೆ ಹಳೆಯದು, ಹೊಸದು ಎರಡೂ ಬೇಕಾಗುತ್ತವೆ. ವಿಟಿಯುನಿಂದ ಟ್ರಾನ್ಸ್‌ಕ್ರಿಪ್ಟ್ ಬರಲು ವಾರಗಳೇ ಹಿಡಿಯಬಹುದು. ಕೊನೆಯ ವರ್ಷದಲ್ಲಿರುವಾಗಲೇ ಕಾಲೇಜು ಕಚೇರಿಗೆ ಹೋಗಿ ಕಳೆದುಹೋದ ಅಂಕಪಟ್ಟಿಗಳ ನಕಲಿಗೆ ಅರ್ಜಿ ಕೊಟ್ಟುಬಿಡಿ.

ನನ್ನದು 8.2 ಸಿಜಿಪಿಎ. ಜರ್ಮನಿಯಲ್ಲಿ ಅದು ಎಷ್ಟು?

ಅಲ್ಲಿ 1.0 ಅತ್ಯುತ್ತಮ, 4.0 ಕೊನೆಯ ಪಾಸು. ಲೆಕ್ಕ ಹೀಗಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಕನಿಷ್ಠ ಪಾಸ್ ಅಂಕ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ಪಾಸು 4 ಆದರೆ 1.8 ಭಾಗ 6, ಅಂದರೆ 0.3, ಮೂರರಷ್ಟು 0.9, ಒಂದು ಕೂಡಿಸಿದರೆ 1.9.

ಕನಿಷ್ಠ ಪಾಸ್ ಅಂಕ 5 ಎಂದು ಹಿಡಿದರೆ ಅದೇ 8.2, 2.08 ಆಗುತ್ತದೆ. ಆದ್ದರಿಂದ ಟ್ರಾನ್ಸ್‌ಕ್ರಿಪ್ಟಿನ ಹಿಂಬದಿಯ ಗ್ರೇಡ್ ವಿವರಣೆ ಇರುವ ಪುಟವನ್ನೂ ಸ್ಕ್ಯಾನ್ ಮಾಡಿ ಸೇರಿಸಿ. ಅದಿಲ್ಲದಿದ್ದರೆ ಪರಿಶೀಲಿಸುವವರು ತಮಗೆ ತಿಳಿದಂತೆ ಲೆಕ್ಕ ಹಾಕುತ್ತಾರೆ. ಹಲವು ಕೋರ್ಸುಗಳ ಗಡಿ 2.5ರಲ್ಲಿರುತ್ತದೆ.

ಒಳ್ಳೆಯ ಅಂಕ ಇದ್ದೂ ರಿಜೆಕ್ಟ್ ಆಯ್ತು. ಯಾಕೆ?

ಹೆಚ್ಚಾಗಿ ವಿಷಯ ಹೊಂದಿಕೆಯಾಗದೆ. ಜರ್ಮನಿಯ ವಿಭಾಗಗಳು ಗಣಿತಕ್ಕೆ ಇಷ್ಟು, ಪ್ರೋಗ್ರಾಮಿಂಗ್‌ಗೆ ಇಷ್ಟು ಎಂದು ಕನಿಷ್ಠ ಕ್ರೆಡಿಟ್ ನಿಗದಿ ಮಾಡಿರುತ್ತವೆ. ಮೆಕ್ಯಾನಿಕಲ್ ಓದಿ ಎರಡು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು ಕಂಪ್ಯೂಟರ್ ಸೈನ್ಸ್‌ಗೆ ಅರ್ಜಿ ಹಾಕಿದರೆ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ಪದವಿಯಲ್ಲಿ ಓದಿದ ಪಠ್ಯ ಮಾತ್ರ ಬರುತ್ತದೆ. ಕೋರ್ಸಿನ ಪುಟದಲ್ಲಿ ಪರೀಕ್ಷಾ ಮತ್ತು ಪ್ರವೇಶ ನಿಯಮಗಳ ಕಡತ ಇರುತ್ತದೆ. ಅದು ಜರ್ಮನ್‌ನಲ್ಲಿದ್ದರೂ ಅನುವಾದಿಸಿಕೊಂಡು ಓದಿ. ವಿಟಿಯು ಪಠ್ಯಕ್ರಮದಿಂದ ಪ್ರತಿ ವಿಷಯದ ನಾಲ್ಕೈದು ಸಾಲಿನ ವಿವರಣೆ ತೆಗೆದು, ಅವರ ವಿಷಯಪಟ್ಟಿಯ ಎದುರು ನಿಮ್ಮದನ್ನು ಜೋಡಿಸಿ ಕೊಟ್ಟರೆ ಕೆಲಸವಾಗುತ್ತದೆ.

ಎರಡನೇ ಕಾರಣ ಯೂನಿ-ಅಸಿಸ್ಟ್. ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯ ಮೊದಲ ಪರಿಶೀಲನೆಯನ್ನು ಈ ಸಂಸ್ಥೆಗೆ ಒಪ್ಪಿಸಿವೆ. ಒಂದು ಸೆಮಿಸ್ಟರಿನಲ್ಲಿ ಮೊದಲ ಅರ್ಜಿಗೆ 75 ಯೂರೊ, ಮುಂದಿನ ಪ್ರತಿಯೊಂದಕ್ಕೂ 30 ಯೂರೊ. ಹಣ ಜಮೆಯಾಗದೆ ಅವರು ಕಡತ ತೆರೆಯುವುದಿಲ್ಲ. ಪರಿಶೀಲನೆಗೆ ನಾಲ್ಕರಿಂದ ಆರು ವಾರ ಬೇಕು. ಕೊನೆಯ ದಿನ ಕಳಿಸಿದರೆ ಕೊರತೆಯಿದ್ದ ಕಾಗದ ಸೇರಿಸಲು ಅವಕಾಶವೇ ಉಳಿಯುವುದಿಲ್ಲ, ಕನಿಷ್ಠ ಎಂಟು ವಾರ ಮುಂಚೆ ಕಳಿಸಿ.

## ಹಣ ಮತ್ತು ವೀಸಾ

ಬ್ಲಾಕ್ಡ್ ಅಕೌಂಟ್‌ಗೆ ಕಳಿಸಿದ ದುಡ್ಡು ವಾಪಸ್ ಸಿಗುತ್ತಾ?

ಅದು ನಿಮ್ಮದೇ ಹಣ, ಯಾರಿಗೂ ಕೊಟ್ಟ ಶುಲ್ಕವಲ್ಲ. 2024ರ ಸೆಪ್ಟೆಂಬರ್ 1ರಿಂದ ಮೊತ್ತ 11,904 ಯೂರೊ. ಜರ್ಮನಿಗೆ ಹೋಗಿ ಸಾಮಾನ್ಯ ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೊದಂತೆ ಬಿಡುಗಡೆಯಾಗುತ್ತದೆ. ವೀಸಾ ತಿರಸ್ಕೃತವಾದರೆ ಆ ಪತ್ರ ತೋರಿಸಿ ವಾಪಸ್ ತರಿಸಿಕೊಳ್ಳಬಹುದು. ಫಿಂಟಿಬಾ, ಎಕ್ಸ್‌ಪಾಟ್ರಿಯೊದಂಥ ಸಂಸ್ಥೆಗಳಲ್ಲಿ ಮನೆಯಲ್ಲೇ ಕೂತು ಖಾತೆ ತೆರೆಯಬಹುದು. ಅವರ ಸೇವಾಶುಲ್ಕ ಬೇರೆ.

ಕಳಿಸುವಾಗ ಆಗುವ ಎಡವಟ್ಟು ಒಂದಿದೆ. ನಡುವಿನ ಬ್ಯಾಂಕುಗಳು 20–30 ಯೂರೊ ಮುರಿದುಕೊಂಡು 11,880 ಮಾತ್ರ ತಲುಪಿದರೆ ಖಾತೆ ದೃಢಪತ್ರ ಬರುವುದಿಲ್ಲ. ಕಳಿಸುವ ಖರ್ಚೆಲ್ಲ ಕಳಿಸುವವರದೇ ಎಂಬ ಆಯ್ಕೆಯನ್ನು ಅರ್ಜಿಯಲ್ಲಿ ಗುರುತು ಮಾಡಿಸಿ, ಐವತ್ತು ಯೂರೊ ಹೆಚ್ಚಿಗೆ ಕಳಿಸಿ. ತಾಲ್ಲೂಕು ಕೇಂದ್ರದ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸ ಇರುವುದಿಲ್ಲ, ಕಡತ ದೊಡ್ಡ ಶಾಖೆಗೆ ಹೋಗಿ ಬರಲು ವಾರ ಬೇಕು.

ಸಾಲಕ್ಕೆ ತೋಟ ಅಡ ಇಡಬಹುದಾ? ಸರ್ಕಾರದಿಂದ ಏನಾದರೂ ನೆರವು ಇದೆಯಾ?

ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮನೆ, ನಿವೇಶನ, ಠೇವಣಿ ಕೇಳುತ್ತವೆ. ಹಳ್ಳಿಯ ಮನೆಯಾದರೆ ಇ-ಸ್ವತ್ತು ನಮೂನೆಗಳು, ಪಟ್ಟಣದಲ್ಲಾದರೆ ಇ-ಖಾತಾ, ಋಣಭಾರ ಪ್ರಮಾಣಪತ್ರ, ಕಂದಾಯ ರಸೀದಿ ಸಿದ್ಧವಿರಲಿ. ಆಸ್ತಿ ಇನ್ನೂ ಅಜ್ಜನ ಹೆಸರಿನಲ್ಲಿದ್ದು ವಿಭಾಗವಾಗಿಲ್ಲದಿದ್ದರೆ ವಕೀಲರ ಅಭಿಪ್ರಾಯದ ಹಂತದಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಪ್ರವೇಶಪತ್ರಕ್ಕೆ ಕಾಯದೆ ಆಸ್ತಿ ಕಾಗದದ ಕೆಲಸ ಹಿಂದಿನ ವರ್ಷವೇ ಶುರುಮಾಡಿ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಒಂದಕ್ಕಿಂತ ಹೆಚ್ಚು ಬ್ಯಾಂಕಿಗೆ ಹಾಕಬಹುದು. ಬ್ಲಾಕ್ಡ್ ಅಕೌಂಟಿಗೂ ಸಾಲದ ಹಣ ಬಿಡುಗಡೆ ಮಾಡುತ್ತೀರಾ ಎಂದು ಮೊದಲೇ ಕೇಳಿ. ಶುಲ್ಕಕ್ಕೆ ಮಾತ್ರ ಕೊಡುತ್ತೇವೆ ಎನ್ನುವ ಶಾಖೆಗಳಿವೆ, ಜರ್ಮನಿಗೆ ಅಂಥ ಸಾಲದಿಂದ ಉಪಯೋಗವಿಲ್ಲ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ, ಹಿಂದುಳಿದ ವರ್ಗದವರಿಗೆ ಡಿ. ದೇವರಾಜ ಅರಸು ಅಭಿವೃದ್ಧಿ ನಿಗಮದ ಬಡ್ಡಿರಹಿತ ಸಾಲ, ಅಲ್ಪಸಂಖ್ಯಾತರಿಗೆ ಅವರ ನಿಗಮದ ಸಾಲ ಇವೆ. ಆದಾಯ ಮಿತಿ ಮತ್ತು ಇತರ ಷರತ್ತುಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಜಾತಿ, ಆದಾಯ ಪ್ರಮಾಣಪತ್ರ ಮುಂಚೆಯೇ ನವೀಕರಿಸಿಕೊಂಡಿರಿ.

ತೆರಿಗೆಯ ವಿಷಯ: ಆರ್ಥಿಕ ವರ್ಷದಲ್ಲಿ ಒಬ್ಬರ ಪ್ಯಾನ್‌ನಿಂದ 10 ಲಕ್ಷ ಮೀರಿ ಸ್ವಂತ ಹಣ ಕಳಿಸಿದರೆ ಮೀರಿದ ಭಾಗಕ್ಕೆ ಬ್ಯಾಂಕು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಅದು ಇಲ್ಲ. ಹಿಡಿದದ್ದು ರಿಟರ್ನ್ ಸಲ್ಲಿಸಿದಾಗ ಹೊಂದಾಣಿಕೆಯಾಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಸಾಲದ ಬಡ್ಡಿಗೆ ಎಂಟು ವರ್ಷ ವಿನಾಯಿತಿಯಿದೆ.

ವೀಸಾಕ್ಕೆ ದೆಹಲಿಗೆ ಹೋಗಬೇಕಾ?

ಬೇಡ. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ದೂತಾವಾಸ ಕಚೇರಿ. ಬೆರಳಚ್ಚು, ಕಾಗದಪತ್ರ ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ. ಅರ್ಜಿಯನ್ನು ಮೊದಲು ಆನ್‌ಲೈನ್ ಕಾನ್ಸುಲರ್ ಪೋರ್ಟಲ್‌ನಲ್ಲಿ ತುಂಬಬಹುದು. ವೀಸಾ ಶುಲ್ಕ 75 ಯೂರೊಗೆ ಸಮನಾದ ರೂಪಾಯಿ. ಪ್ರವೇಶಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟ್ ದೃಢಪತ್ರ, ಆರೋಗ್ಯ ವಿಮೆ, ಅಂಕಪಟ್ಟಿಗಳು, ಭಾಷಾ ಪ್ರಮಾಣಪತ್ರ, ಬಯೋಡೇಟಾ, ಉದ್ದೇಶಪತ್ರ ಬೇಕು. ಎರಡು ಮೂರು ತಿಂಗಳು ಹಿಡಿಯಬಹುದೆಂದು ಲೆಕ್ಕ ಇಟ್ಟುಕೊಳ್ಳಿ.

ಉದ್ದೇಶಪತ್ರವನ್ನು ಹಗುರವಾಗಿ ಕಾಣಬೇಡಿ. ಈ ಕೋರ್ಸೇ ಯಾಕೆ, ಹಿಂದಿನ ಓದಿಗೂ ಇದಕ್ಕೂ ಏನು ಸಂಬಂಧ, ನಡುವೆ ಎರಡು ವರ್ಷ ಏನು ಮಾಡಿದಿರಿ ಎಂಬುದು ಅದರಲ್ಲಿ ತಿಳಿಯಬೇಕು. ತಿರಸ್ಕಾರವಾದರೆ ಮೊದಲು ಉಚಿತವಾಗಿ ಮರುಪರಿಶೀಲನೆ ಕೇಳುವ ದಾರಿಯಿತ್ತು. 2025ರ ಜುಲೈ 1ರಿಂದ ಅದು ರದ್ದಾಗಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು.

ಯಾವ ಇನ್ಶೂರೆನ್ಸ್ ಮಾಡಿಸಬೇಕು? ಕಡಿಮೆಯದು ಸಾಕಲ್ವಾ?

30 ವರ್ಷದೊಳಗಿನವರು ಟಿಕೆ, ಎಓಕೆ, ಬಾರ್ಮರ್‌ನಂಥ ಸಾರ್ವಜನಿಕ ವಿಮೆಯನ್ನೇ ಮಾಡಿಸಿ. ತಿಂಗಳಿಗೆ 150 ಯೂರೊ ಆಸುಪಾಸು. ಪ್ರವೇಶ ದಾಖಲಾಗಲು ವಿಮಾ ಸಂಸ್ಥೆ ವಿಶ್ವವಿದ್ಯಾಲಯಕ್ಕೆ ನೇರವಾಗಿ ವಿದ್ಯುನ್ಮಾನ ಸೂಚನೆ ಕಳಿಸಬೇಕು, ನಿಮ್ಮ ಕೈಯ ಪಾಲಿಸಿ ಕಾಗದ ಸಾಲದು. ತಿಂಗಳಿಗೆ ಮೂವತ್ತು ನಲವತ್ತು ಯೂರೊದ ಖಾಸಗಿ ವಿಮೆ ತೆಗೆದುಕೊಂಡು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಬರೆಸಿಕೊಂಡರೆ ಓದು ಮುಗಿಯುವವರೆಗೂ ವಾಪಸ್ ಬರಲಾಗುವುದಿಲ್ಲ. ವಿಮಾನ ಇಳಿದ ದಿನದಿಂದ ಪ್ರವೇಶ ದಾಖಲಾಗುವ ದಿನದವರೆಗೆ ಮಾತ್ರ ಪ್ರಯಾಣ ವಿಮೆ ಬೇಕು.

## ಗಂಟುಮೂಟೆ ಮತ್ತು ಮೊದಲ ತಿಂಗಳು

ತುಪ್ಪ, ಉಪ್ಪಿನಕಾಯಿ, ಹುಳಿಪುಡಿ ಕಳಿಸಬಹುದಾ?

ತುಪ್ಪ ಬೇಡ. ಹೊರದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ, ಪೇಡವೂ ಇದೇ ಲೆಕ್ಕಕ್ಕೆ ಬೀಳುತ್ತದೆ. ಹಸಿ ಕರಿಬೇವು, ಮಾವಿನಹಣ್ಣು, ವೀಳ್ಯದೆಲೆಯೂ ಆಗದು. ಇಡೀ ಕೊಬ್ಬರಿ ಗಿಟುಕನ್ನು ಎಣ್ಣೆಯಂಶಕ್ಕೆ ಬೆಂಕಿ ಹತ್ತೀತೆಂದು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.

ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ರಾಗಿಹಿಟ್ಟು, ಗೊಜ್ಜವಲಕ್ಕಿ, ಒಣಗಿಸಿದ ಕರಿಬೇವಿನ ಪುಡಿ ಧಾರಾಳವಾಗಿ ಒಯ್ಯಬಹುದು. ಉಪ್ಪಿನಕಾಯಿಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಎರಡು ಪದರ ಪ್ಲಾಸ್ಟಿಕ್ಕಿನೊಳಗೆ ಗಟ್ಟಿಯಾಗಿ ಕಟ್ಟಿ ಇಡಿ. ಅಕ್ಕಿ, ಬೇಳೆ ಹೊರುವುದು ವ್ಯರ್ಥ. ಅಲ್ಲಿ ಏಷ್ಯನ್, ಟರ್ಕಿ ಅಂಗಡಿಗಳಲ್ಲಿ ಸಿಗುತ್ತವೆ. ಮೂರು ಲೀಟರಿನ, ತಳ ಸಮತಟ್ಟಾದ ಕುಕ್ಕರ್ ಒಯ್ಯಿರಿ, ಒಂದು ಹೆಚ್ಚುವರಿ ಗ್ಯಾಸ್ಕೆಟ್ಟೂ ಇರಲಿ. ಅಲ್ಲಿನ ಒಲೆ ವಿದ್ಯುತ್ತಿನದು. ತಳ ಉಬ್ಬಿದ ಪಾತ್ರೆ ಕಾಯುವುದಿಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಔಷಧಿಯನ್ನು ಇಂಗ್ಲಿಷ್ ಚೀಟಿಯೊಂದಿಗೆ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು.

ರೂಮು ಸಿಗದೆ ಹೋದರೆ? ಇಲ್ಲಿಂದಲೇ ಅಡ್ವಾನ್ಸ್ ಕಟ್ಟಬಹುದಾ?

ಪ್ರವೇಶಪತ್ರ ಕೈಗೆ ಬಂದ ದಿನವೇ, ಕೆಲವೆಡೆ ಅದಕ್ಕೂ ಮುಂಚೆಯೇ, ಆ ಊರಿನ ಶ್ಟುಡಿಯರೆಂಡನ್‌ವೆರ್ಕ್ (ವಿದ್ಯಾರ್ಥಿ ಸೇವಾ ಸಂಸ್ಥೆ) ಹಾಸ್ಟೆಲಿಗೆ ಅರ್ಜಿ ಹಾಕಿ. ಸರದಿ ಉದ್ದ. ಹಂಚಿಕೊಂಡ ಮನೆಯ ಒಂದು ಕೋಣೆಗೆ ಮ್ಯೂನಿಕ್‌ನಲ್ಲಿ 700–800 ಯೂರೊ ಕೇಳುತ್ತಾರೆ; ಕೆಮ್ನಿಟ್ಸ್, ಮಾಗ್ಡೆಬುರ್ಗ್ ಕಡೆ ಅದರ ಅರ್ಧಕ್ಕೆ ಸಿಗುತ್ತದೆ. ಊರು ಆರಿಸುವಾಗ ವಿಶ್ವವಿದ್ಯಾಲಯದ ಹೆಸರಿನಷ್ಟೇ ಇದನ್ನೂ ತೂಗಿ ನೋಡಿ.

ಜಾಹೀರಾತಿನ ಬಾಡಿಗೆ ‘ಕಾಲ್ಟ್’ ಎಂದಿದ್ದರೆ ಬರೀ ಜಾಗದ್ದು, ‘ವಾರ್ಮ್’ ಎಂದರೆ ಬಿಸಿ, ನೀರು ಸೇರಿದ್ದು. ಮುಂಗಡ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರುವಂತಿಲ್ಲ. ಮಾಲೀಕ ಈಗ ಲಂಡನ್ನಿನಲ್ಲಿದ್ದಾನೆ, ಹಣ ಹಾಕಿದರೆ ಬೀಗದ ಕೈ ಕೊರಿಯರ್ ಮಾಡುತ್ತಾನೆ ಎಂದರೆ ಅದು ಮೋಸ. ನೀವೋ ಅಲ್ಲಿರುವ ಪರಿಚಿತರೋ ಕೋಣೆ ನೋಡದೆ ಒಂದು ಯೂರೊವೂ ಕಳಿಸಬೇಡಿ. ಮೊದಲ ತಿಂಗಳಿಗೆ ತಾತ್ಕಾಲಿಕ ಜಾಗ ಹಿಡಿಯುವಾಗ ಅಲ್ಲಿ ವಿಳಾಸ ನೋಂದಣಿಗೆ ಪತ್ರ ಕೊಡುತ್ತೀರಾ ಎಂದು ಕೇಳಿಯೇ ಹಿಡಿಯಿರಿ.

ಇಳಿದ ಮೇಲೆ ಮೊದಲು ಏನು ಮಾಡಬೇಕು?

ಸರದಿ ಇದು. ಮನೆಯೊಳಗೆ ಬಂದ ಎರಡು ವಾರದೊಳಗೆ ಮಾಲೀಕರು ಸಹಿ ಮಾಡಿದ ವಾಸದ ಪತ್ರ ಹಿಡಿದು ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ಇದೇ ‘ಆನ್‌ಮೆಲ್ಡುಂಗ್’. ಈ ಒಂದು ಹಾಳೆಯಿಲ್ಲದೆ ಮುಂದಿನ ಯಾವುದೂ ಸಲೀಸಾಗಿ ನಡೆಯದು. ಭೇಟಿಯ ಸಮಯ ವಾರಗಟ್ಟಲೆ ಸಿಗದ ಊರುಗಳಿವೆ, ಆದ್ದರಿಂದ ಬೆಂಗಳೂರಿನಿಂದಲೇ ಕಾದಿರಿಸಿ. ನಂತರ ಬ್ಯಾಂಕ್ ಖಾತೆ, ಬ್ಲಾಕ್ಡ್ ಅಕೌಂಟ್ ಚಾಲನೆ, ವಿಮೆಯ ಚಾಲನೆ, ವಿಶ್ವವಿದ್ಯಾಲಯದಲ್ಲಿ ದಾಖಲಾತಿ. ತೆರಿಗೆ ಸಂಖ್ಯೆ ಅಂಚೆಯಲ್ಲಿ ತಾನೇ ಬರುತ್ತದೆ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸದಿದ್ದರೆ ಪತ್ರ ವಾಪಸ್ ಹೋಗುತ್ತದೆ, ಇದು ಬಹಳ ಜನಕ್ಕೆ ಆಗುವ ನಷ್ಟ. ಕೊನೆಗೆ, ವೀಸಾ ಮುಗಿಯುವ ಮೊದಲು ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ.

ಬಾನುಲಿ ಶುಲ್ಕವೆಂದು ತಿಂಗಳಿಗೆ 18.36 ಯೂರೊ ಕೇಳಿ ಪತ್ರ ಬಂದರೆ ಮೋಸವೆಂದು ಬಿಸಾಡಬೇಡಿ. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ಕಟ್ಟಲೇಬೇಕು. ಹಂಚಿಕೊಂಡ ಮನೆಯಾದರೆ ಒಬ್ಬರು ಕಟ್ಟಿದರೆ ಸಾಕು.

ಗೋಡೆಯೆಲ್ಲ ಬೂಷ್ಟು ಬಂದಿದೆ, ಮಾಲೀಕರು ನಮ್ಮದೇ ತಪ್ಪು ಅಂತಾರೆ. ನಿಜವಾ?

ಬಹಳ ಸಲ ನಿಜ. ಚಳಿಯೆಂದು ಕಿಟಕಿ ಮುಚ್ಚಿಕೊಂಡು ಅನ್ನ ಬೇಯಿಸಿ, ಒಳಗೇ ಬಟ್ಟೆ ಒಣಹಾಕಿದರೆ ಆ ಹಬೆಯೆಲ್ಲ ತಣ್ಣನೆ ಗೋಡೆಯ ಮೂಲೆಗೆ ಹೋಗಿ ನೀರಾಗುತ್ತದೆ. ಒಂದೆರಡು ವಾರದಲ್ಲಿ ಮಂಚದ ಹಿಂದೆ, ಕಪಾಟಿನ ಹಿಂದೆ ಕರಿಚುಕ್ಕೆ ಕಾಣಿಸುತ್ತವೆ. ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು 5–10 ನಿಮಿಷ ಗಾಳಿ ಆಡಿಸಿ, ಆಗ ಹೀಟರ್ ಆರಿಸಿ. ದಿನವಿಡೀ ಕಿಟಕಿ ಓರೆ ತೆರೆದಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚುತ್ತದೆ. ಹೀಟರಿನ ತಿರುಪಿನ 3 ಎಂದರೆ ಸುಮಾರು 20 ಡಿಗ್ರಿ. 5ಕ್ಕಿಟ್ಟರೆ ಬೇಗ ಬಿಸಿಯಾಗುವುದಿಲ್ಲ, ವರ್ಷದ ಕೊನೆಯ ಬಿಲ್ಲು ಮಾತ್ರ ಏರುತ್ತದೆ. ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಇಡಿ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಒಣಮೆಣಸಿನಕಾಯಿಯ ಹೊಗೆಗೆ ಅಲಾರಂ ಕೂಗುತ್ತದೆ.

## ಓದು, ದುಡಿಮೆ, ಮುಂದಿನ ದಾರಿ

ಪರೀಕ್ಷೆ ಫೇಲಾದರೆ ಎಷ್ಟು ಸಲ ಬರೆಯಬಹುದು?

ಹೆಚ್ಚಿನ ಕಡೆ ಒಂದು ವಿಷಯಕ್ಕೆ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ವಿಶ್ವವಿದ್ಯಾಲಯ ಹೆಸರು ತೆಗೆದುಹಾಕುತ್ತದೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಮುಂದುವರಿಸಲಾಗದು, ವಾಸದ ಪರವಾನಗಿಗೂ ಧಕ್ಕೆ. ನಮ್ಮಲ್ಲಿಯ ಬ್ಯಾಕ್‌ಲಾಗ್ ಕಲ್ಪನೆಯನ್ನು ಇಲ್ಲೇ ಬಿಟ್ಟು ಹೋಗಿ.

ಪರೀಕ್ಷೆಗೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ದಿನಾಂಕ ತಪ್ಪಿದರೆ ಕೂರಿಸುವುದಿಲ್ಲ. ಸಿದ್ಧತೆ ಸಾಲದೆನಿಸಿದರೆ ಗಡುವಿನೊಳಗೆ ಹೆಸರು ಹಿಂತೆಗೆದುಕೊಳ್ಳಿ, ಅವಕಾಶ ಉಳಿಯುತ್ತದೆ. ಆ ದಿನ ಕಾಯಿಲೆಯಾದರೆ ಅಂದೇ ವೈದ್ಯರ ಪತ್ರ ತನ್ನಿ. ಹಳೆಯ ಪ್ರಶ್ನೆಪತ್ರಿಕೆ ವಿಭಾಗದ ವಿದ್ಯಾರ್ಥಿ ಸಂಘದಲ್ಲಿ ಸಿಗುತ್ತವೆ, ಆದರೆ ಅದೇ ಪ್ರಶ್ನೆ ಮರಳಿ ಬರುತ್ತದೆಂದು ನಂಬಬೇಡಿ. ವಾರವಾರದ ಅಭ್ಯಾಸ ಹಾಳೆಗಳನ್ನು ಮಾಡಿದವರಿಗೇ ಪರೀಕ್ಷೆ ಹಗುರ.

ಪಾರ್ಟ್ ಟೈಮ್ ಕೆಲಸದಲ್ಲಿ ಸಾಲ ತೀರಿಸಬಹುದಾ?

ಆಗದು, ಊಟ-ಬಾಡಿಗೆಯ ಒಂದು ಭಾಗ ಹೊಂದೀತು. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅನುಮತಿ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೊ. ತಿಂಗಳಿಗೆ 603 ಯೂರೊವರೆಗಿನದು ಮಿನಿಜಾಬ್. ಪ್ರಾಧ್ಯಾಪಕರ ಕೈಕೆಳಗಿನ ಸಹಾಯಕ ಕೆಲಸ, ‘ಹಿವಿ’, ಈ ದಿನಗಳ ಮಿತಿಗೆ ಸೇರುವುದಿಲ್ಲ, ಓದಿಗೂ ಒದಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ರಾತ್ರಿ ಪಾಳಿಯ ಗೋದಾಮಿನ ಕೆಲಸ ಹಿಡಿದು ಪರೀಕ್ಷೆಯ ಅವಕಾಶ ಕಳೆದುಕೊಂಡರೆ ಗಳಿಸಿದ್ದಕ್ಕಿಂತ ಹೆಚ್ಚು ಕಳೆದಂತೆ. ಲೆಕ್ಕಕ್ಕೆ ಬಾರದ ಕೈಗೂಲಿಗೆ ಎಂದೂ ಒಪ್ಪಬೇಡಿ.

ಮಗ ಫೋನಿನಲ್ಲಿ ಸರಿಯಾಗಿ ಮಾತಾಡ್ತಿಲ್ಲ, ಮಂಕಾಗಿದ್ದಾನೆ. ಏನು ಮಾಡೋದು?

ನವೆಂಬರಿನಿಂದ ಫೆಬ್ರುವರಿವರೆಗೆ ಇದು ಬಹಳ ಮಕ್ಕಳಿಗೆ ಆಗುತ್ತದೆ. ಡಿಸೆಂಬರಿನ ಕೊನೆಗೆ ಬರ್ಲಿನ್ನಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ, ನಾಲ್ಕಕ್ಕೆಲ್ಲ ಕತ್ತಲು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಆಗ ಸಮಯದ ಅಂತರ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ. ಅವನ ಸಂಜೆ ಏಳೆಂದರೆ ನಿಮಗೆ ರಾತ್ರಿ ಹನ್ನೊಂದೂವರೆ. ನಿಮ್ಮ ಸಂಜೆ ಆರಕ್ಕೆ ಮಾಡಿದರೆ ಅವನು ತರಗತಿಯಲ್ಲಿರುತ್ತಾನೆ. ಶನಿವಾರ, ಭಾನುವಾರ ಒಂದು ಹೊತ್ತು ಗೊತ್ತುಮಾಡಿಕೊಂಡು ನಿಧಾನವಾಗಿ ಮಾತಾಡಿ, ಅಂಕ ಮತ್ತು ಕೆಲಸದ ಪ್ರಶ್ನೆಯಿಂದ ಶುರು ಮಾಡಬೇಡಿ.

ಶ್ಟುಡಿಯರೆಂಡನ್‌ವೆರ್ಕ್‌ನಲ್ಲಿ ಆಪ್ತಸಲಹೆ ಸಿಗುತ್ತದೆ, ಹಲವೆಡೆ ಇಂಗ್ಲಿಷ್‌ನಲ್ಲೂ. ಮ್ಯೂನಿಕ್‌ನಲ್ಲಿ ಸಿರಿಗನ್ನಡ ಕೂಟ, ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘ ಇವೆ. ಯುಗಾದಿ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ಹೊಸಬರು ಹೋಗಿ ಪರಿಚಯ ಮಾಡಿಕೊಳ್ಳಲಿ. ತುರ್ತು ಸಂದರ್ಭಕ್ಕೆ 112, ರಾತ್ರಿ ಅಥವಾ ರಜೆಯ ದಿನ ವೈದ್ಯರು ಬೇಕಾದರೆ 116117.

ಓದು ಮುಗಿದ ಮೇಲೆ ಎಷ್ಟು ದಿನ ಇರಬಹುದು?

ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಆ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಓದಿಗೆ ತಕ್ಕ ಕೆಲಸ ಸಿಕ್ಕು ನಿಗದಿತ ಸಂಬಳ ದಾಟಿದರೆ ಬ್ಲೂ ಕಾರ್ಡ್, ಅಂದರೆ ಪದವೀಧರ ವಿದೇಶಿ ಉದ್ಯೋಗಿಗಳ ವಾಸದ ಪರವಾನಗಿ. ಬ್ಲೂ ಕಾರ್ಡಿನವರಿಗೆ ಜರ್ಮನ್ ಬಿ1 ಇದ್ದರೆ 21 ತಿಂಗಳಿಗೆ, ಎ1 ಮಾತ್ರ ಇದ್ದರೆ 27 ತಿಂಗಳಿಗೆ ಕಾಯಂ ವಾಸಕ್ಕೆ ಅರ್ಜಿ ಹಾಕುವ ಹಕ್ಕು. 18 ತಿಂಗಳ ಎಣಿಕೆ ಫಲಿತಾಂಶದಿಂದಲೇ ಓಡತೊಡಗುತ್ತದೆ, ಆದ್ದರಿಂದ ಪ್ರಬಂಧ ಬರೆಯುವ ಸೆಮಿಸ್ಟರಿನಲ್ಲೇ ಕೆಲಸದ ಹುಡುಕಾಟ ಆರಂಭಿಸಿ. ಸಾಧ್ಯವಾದರೆ ಪ್ರಬಂಧವನ್ನೇ ಯಾವುದಾದರೂ ಕಂಪನಿಯಲ್ಲಿ ಮಾಡಿ.

ಅಪ್ಪ ಅಮ್ಮನನ್ನು ಒಮ್ಮೆ ಕರೆಸಿಕೊಳ್ಳಬಹುದಾ?

ಖಂಡಿತ. ಅವರಿಗೆ ಷೆಂಗನ್ ಪ್ರವಾಸಿ ವೀಸಾ: 180 ದಿನಗಳಲ್ಲಿ 90 ದಿನ ಮೀರದಂತೆ, ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ. ಖರ್ಚು ನಾನೇ ವಹಿಸುತ್ತೇನೆಂಬ ಅಧಿಕೃತ ಹೊಣೆಪತ್ರ ಕೊಡಲು ಸಾಕಷ್ಟು ಆದಾಯ ಬೇಕು, ವಿದ್ಯಾರ್ಥಿಯ ಗಳಿಕೆ ಅದಕ್ಕೆ ಸಾಮಾನ್ಯವಾಗಿ ಸಾಲದು. ಆದ್ದರಿಂದ ಅವರದೇ ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಪತ್ರ, ಆದಾಯ ತೆರಿಗೆ ರಿಟರ್ನ್ ತೋರಿಸಬೇಕು. ವ್ಯವಸಾಯದ ಮನೆಯಾದರೆ ಪಹಣಿ, ಅಡಿಕೆ ಅಥವಾ ಕಾಫಿ ಮಾರಿದ ರಸೀದಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಸೇರಿಸಿ. ವಾಪಸ್ ಬರುತ್ತಾರೆಂಬುದಕ್ಕೂ ಅವು ಆಧಾರ. ವೀಸಾ ಸಮಯ ಏಪ್ರಿಲ್–ಮೇಯಲ್ಲಿ ಸಿಗುವುದು ಕಷ್ಟ, ಜನವರಿಯಲ್ಲೇ ಕಾದಿರಿಸಿ. ಹವೆಗೆ ಮೇಯಿಂದ ಸೆಪ್ಟೆಂಬರ್ ಒಳ್ಳೆಯದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್ ಎರಡಕ್ಕೂ ನೇರ ವಿಮಾನವಿದೆ. ವಯಸ್ಸಾದವರಿಗೆ ನಡುವೆ ಇಳಿದು ಹತ್ತುವ ಟಿಕೆಟ್‌ಗಿಂತ ಅದನ್ನೇ ಮಾಡಿಸಿ, ಗಾಲಿಕುರ್ಚಿಯ ನೆರವನ್ನು ಟಿಕೆಟ್ ಮಾಡುವಾಗಲೇ ಬರೆಸಿ.